ಕಾಶ್ಮೀರಕ್ಕೆ ಒಂದೂವರೆ ಲಕ್ಷ ಸಾಲ ಮಾಡ್ಲಾ, ಇಲ್ಲಾ ಕೂಡಿಟ್ಟು ಹೋಗ್ಲಾ?

ಮೂಡಿಗೆರೆ ರೈಟರ್:

ನಮಸ್ಕಾರ ಎಲ್ರಿಗೂ. ಮೂಡಿಗೆರೆ ಹತ್ರ ಒಂದು ಕಾಫಿ ತೋಟದಲ್ಲಿ ಹದಿನಾಲ್ಕು ವರ್ಷದಿಂದ ರೈಟರ್ ಆಗಿದೀನಿ. ಹಾಜರಿ, ಬಟವಾಡೆ, ಗೊಬ್ಬರದ ಚೀಲ, ಮೆಣಸಿನ ತೂಕ, ಎಲ್ಲಾ ಪೈಸೆ ಬಿಡದೆ ಬರೀತೀನಿ. ನಮ್ಮನೆ ಲೆಕ್ಕ ಮಾತ್ರ ಯಾವತ್ತೂ ಕೂಡಿ ಬಂದಿಲ್ಲ. ಅದಕ್ಕೇ ಇಲ್ಲಿ ಕೇಳ್ತಿದೀನಿ, ನಗಬೇಡಿ.

ಮಗಳು ಈ ಸಲ ಎಸ್ಸೆಸ್ಸೆಲ್ಸಿ, ಮಗ ಆರನೇ ಕ್ಲಾಸು. ಡಿಸೆಂಬರ್‌ನಲ್ಲಿ ನನ್ನ ಭಾವಮೈದ ಹೆಂಡತಿ ಮಕ್ಕಳನ್ನ ಕರ್ಕೊಂಡು ಕಾಶ್ಮೀರಕ್ಕೆ ಹೋಗಿಬಂದ. ವಾರಗಟ್ಟಲೆ ನಮ್ಮನೇಲಿ ಅವನ ಸ್ಟೇಟಸ್ ನೋಡೋದೇ ಕೆಲಸ ಆಗಿತ್ತು. ಹೆಂಡತಿ ಒಂದೆರಡು ಸಲ ಮಾತಾಡದೆ ಪಾತ್ರೆ ಜೋರಾಗಿ ಇಟ್ಟಳು, ಅದನ್ನ ತಡ್ಕೊಂಡೆ. ಮಗಳು ಏನೂ ಕೇಳಲಿಲ್ಲ. ಕೇಳಿದ್ದಿದ್ರೆ ಗದರಿಸಿ ಸುಮ್ಮನಿರಿಸಬಹುದಿತ್ತು. ಒಂದು ಭಾನುವಾರ ಬೈಕಲ್ಲಿ ದೇವರಮನೆ ಗುಡ್ಡಕ್ಕೆ ಹೋಗಿದ್ವಿ. ಮಂಜು ಕವಿದು ಎದುರಿಗಿದ್ದವರೂ ಕಾಣ್ತಿರಲಿಲ್ಲ. "ಅಪ್ಪ, ಹಿಮ ಅಂದ್ರೆ ಇದನ್ನೇ ಕೈಯಲ್ಲಿ ಹಿಡಿಯೋ ಥರ ಇರುತ್ತಾ?" ಅಂದ್ಲು. ಅಷ್ಟೇ ಅವಳು ಅಂದಿದ್ದು.

ಶನಿವಾರ ಬಂತಂದ್ರೆ ನಮ್ಮೂರಿಗೆ ಬೆಂಗಳೂರು ಕಾರುಗಳ ಸಾಲು. ಅವರಿಗೆ ದಾರಿ ಹೇಳಿ ಹೇಳಿ ನನಗೆ ಬಾಯಿಪಾಠ. ನಾವು ನಾಲ್ಕು ಜನ ಒಟ್ಟಿಗೆ ಮನೆ ಬಿಟ್ಟು ಹೊರಗೆ ಮಲಗಿದ್ದು ಒಂದೇ ಸಲ, ಧರ್ಮಸ್ಥಳದಲ್ಲಿ, ಮಗನ ಮುಡಿ ಕೊಡೋಕೆ ಹೋದಾಗ.

ಹಾಸನದ ಒಂದು ಟ್ರಾವೆಲ್ಸ್ ಆಫೀಸಲ್ಲಿ ವಿಚಾರಿಸಿದೆ. ಮೇ ತಿಂಗಳಲ್ಲಿ ಏಳು ದಿನ, ಬೆಂಗಳೂರಿಂದ ವಿಮಾನ ಸೇರಿ ನಾಲ್ಕು ಜನಕ್ಕೆ 1,48,000. "ದುಡ್ಡಿನ ಯೋಚನೆ ನಮಗೆ ಬಿಡಿ ಸಾರ್, ಫೈನಾನ್ಸ್ ನಾವೇ ಮಾಡಿಸ್ಕೊಡ್ತೀವಿ, ವರ್ಷಕ್ಕೆ 10 ಪರ್ಸೆಂಟ್ ಅಷ್ಟೇ, ಒಂದೂವರೆ ಲಕ್ಷಕ್ಕೆ ತಿಂಗಳಿಗೆ 7,500 ಹಾಗೆ 24 ಕಂತು" ಅಂದ್ರು. ಆ ಕಡೆ ಸಂಬಳ ಬೀಳೋ ಬ್ಯಾಂಕಿಂದ ವಾರಕ್ಕೊಂದು ಮೆಸೇಜು, ನಿಮಗೆ ಲೋನ್ ಮಂಜೂರಾಗಿದೆ, ಬಟನ್ ಒತ್ತಿ ಅಂತ. ಅದು 14 ಪರ್ಸೆಂಟು. ಹಾಗಾದ್ರೆ ಫೈನಾನ್ಸೇ ವಾಸಿ ಅಲ್ವಾ?

ನನ್ನ ಲೆಕ್ಕ ಇದು. ಸಂಬಳ 23,500. ಮನೆ ತೋಟದ್ದೇ, ಬಾಡಿಗೆ ಇಲ್ಲ, ಸೌದೆಗೆ ತೊಂದ್ರೆ ಇಲ್ಲ. ಹೆಂಡತಿ ಬ್ಲೌಸ್ ಹೊಲೀತಾಳೆ, ಮದುವೆ ಸೀಸನ್‌ನಲ್ಲಿ ಆರೇಳು ಸಾವಿರ, ಇಲ್ಲಾಂದ್ರೆ ಒಂದೂ ಇಲ್ಲ. ಗೃಹಲಕ್ಷ್ಮಿ 2,000 ಬಂದಾಗ ಬಂತು. ಖರ್ಚಿಗೆ ದಿನಸಿ, ಹಾಲು, ತರಕಾರಿ, ಕೋಳಿ ಎಲ್ಲಾ ಸೇರಿ 8,500. ಶಾಲೆ ವ್ಯಾನ್ 2,400. ಬೈಕ್ ಕಂತು 2,900, ಆಗಸ್ಟ್‌ಗೆ ಮುಗಿಯುತ್ತೆ. ಹೆಂಡತಿ ಸಂಘದ ಕಂತು 1,800, ಎಲ್‌ಐಸಿ 1,350, ಅಮ್ಮನ ಶುಗರ್ ಮಾತ್ರೆ 1,600. ಪೆಟ್ರೋಲು, ಫೋನು, ಗ್ಯಾಸು 3,000. ಕೂಡಿದ್ರೆ 21,550. ಇದರ ಮೇಲೆ ಮದುವೆ ಮುಯ್ಯಿ, ಆಸ್ಪತ್ರೆ, ಹಬ್ಬ. ಬ್ಲೌಸ್ ದುಡ್ಡು ಸೇರಿಸಿದ್ರೆ 7,500 ಕಟ್ಟಬಹುದು ಅನ್ಸುತ್ತೆ.

ಎರಡು ವರ್ಷದಿಂದ ಕಾಫಿಗೆ ಒಳ್ಳೆ ರೇಟಿದೆ, ನಿನಗೇನಪ್ಪ ಅಂತಾರೆ ಜನ. ರೇಟು ಸಾಹುಕಾರ್ರಿಗೆ, ನನಗೆ ಸಂಬಳ. ಕುಯ್ಲು ಮುಗಿದ ಮೇಲೆ ಒಂದು ತಿಂಗಳ ಸಂಬಳ ಬೋನಸ್ ಕೊಡ್ತಾರೆ, ಅದು ನಿಜ. ಹೋದ ವರ್ಷದ ಬೋನಸ್ ಏನಾಯ್ತು ಅಂತ ಹೆಂಡತೀನೂ ನಾನೂ ಕೂತು ಯೋಚಿಸಿದ್ವಿ, ಇಬ್ಬರಿಗೂ ನೆನಪಾಗಲಿಲ್ಲ.

ಹಳೇ ಕ್ಯಾಷಿಯರ್, ಹಾಸನ:

ಸ್ವಾಮಿ, ಬ್ಯಾಂಕಿನ ಕೌಂಟರ್ ಒಳಗೆ ಮೂವತ್ತೊಂದು ವರ್ಷ ಕೂತಿದ್ದೋನು ನಾನು. ನಿಮ್ಮ 10 ಪರ್ಸೆಂಟಿನ ವಿಷಯ ಮೊದಲು ಇತ್ಯರ್ಥ ಮಾಡೋಣ.

ಅವರು ಹೇಳ್ತಿರೋದು ಫ್ಲ್ಯಾಟ್ ರೇಟು. ಒಂದೂವರೆ ಲಕ್ಷಕ್ಕೆ ವರ್ಷಕ್ಕೆ 15,000, ಎರಡು ವರ್ಷಕ್ಕೆ 30,000. ಅಸಲಿಗೆ ಸೇರಿಸಿ 24ರಿಂದ ಭಾಗಿಸಿದ್ರೆ 7,500. ಲೆಕ್ಕ ಸರಿಯಾಗೇ ಇದೆ, ಮೋಸ ಅಂತ ಹೇಳೋಕಾಗಲ್ಲ. ಆದ್ರೆ ನೀವು ಪ್ರತಿ ತಿಂಗಳು ಅಸಲು ತೀರಿಸ್ತಾ ಬರ್ತೀರಿ. ಇಪ್ಪತ್ತಮೂರನೇ ಕಂತು ಕಟ್ಟಿದ ದಿನ ನಿಮ್ಮ ಕೈಲಿರೋ ಅವರ ಅಸಲು ಏಳು ಸಾವಿರ ಚಿಲ್ಲರೆ. ಅವತ್ತಿಗೂ ಬಡ್ಡಿ ಮಾತ್ರ ಪೂರ್ತಿ ಒಂದೂವರೆ ಲಕ್ಷಕ್ಕೇ. ಉಳಿದಿರೋ ಅಸಲಿನ ಮೇಲೆ ಬಡ್ಡಿ ಹಾಕೋ ಬ್ಯಾಂಕಿನ ಲೆಕ್ಕಕ್ಕೆ ತಿರುಗಿಸಿದ್ರೆ ಇದು ವರ್ಷಕ್ಕೆ 18 ಪರ್ಸೆಂಟ್ ದಾಟುತ್ತೆ. ನಿಮ್ಮ ಬ್ಯಾಂಕಿನ 14ರಲ್ಲಿ ಕಂತು ಸುಮಾರು 7,200, ಎರಡು ವರ್ಷಕ್ಕೆ ಒಟ್ಟು ಬಡ್ಡಿ 22,850ರ ಹತ್ರ. 10 ಅನ್ನೋದು 14ಕ್ಕಿಂತ ಏಳು ಸಾವಿರ ದುಬಾರಿ!

2024ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಬ್ಯಾಂಕಾಗಲಿ ಫೈನಾನ್ಸಾಗಲಿ, ಇಂಥ ಸಾಲ ಕೊಡೋ ಮುಂಚೆ 'ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್' ಅನ್ನೋ ಹಾಳೆ ಕೊಡಲೇಬೇಕು. ಅದರಲ್ಲಿ ಎಪಿಆರ್ ಅಂತ ಒಂದು ಸಾಲು ಇರುತ್ತೆ. ಬಡ್ಡಿ, ಪ್ರೊಸೆಸಿಂಗ್ ಫೀ ಎಲ್ಲಾ ಸೇರಿದ ವರ್ಷದ ದರ ಅದು. ಬೇರೆ ಏನೂ ಓದಬೇಡಿ, ಆ ಸಾಲು ಓದಿ. ಹಾಳೆ ಕೇಳಿದ ತಕ್ಷಣ ಆಫೀಸಿನವರು ಚಹಾ ತರಿಸಿ ಮಾತು ಬೇರೆ ಕಡೆ ತಿರುಗಿಸಿದ್ರೆ ಚಹಾ ಕುಡಿದು ಎದ್ದು ಬನ್ನಿ.

ಇನ್ನೊಂದು. ಅದೇ 7,500, ಅದೇ 24 ತಿಂಗಳು, ಕಂತಿನ ಹಾಗೆ ಕೂಡಿಡೋ ಠೇವಣಿಗೆ, ಅಂದ್ರೆ ಬ್ಯಾಂಕ್ ಆರ್‌ಡಿಗೆ ಕಟ್ಟಿದ್ರೆ, ಬಡ್ಡಿ ಆರೂವರೆ ಅಂತ ಹಿಡಿದ್ರೂ ಕೈಗೆ ಸುಮಾರು 1,92,000 ಬರುತ್ತೆ. ಸಾಲ ಮಾಡಿದ್ರೆ ಒಂದೂವರೆ ಲಕ್ಷದ ಪ್ರವಾಸ. ನಡುವೆ ನಲವತ್ತೆರಡು ಸಾವಿರ. ಅದರಲ್ಲಿ ಇಡೀ ಸಂಸಾರ ಊಟಿಗೆ ಹೋಗಿಬರಬಹುದು.

ಪೋಸ್ಟ್ ಆಫೀಸ್ ಆರ್‌ಡಿ ಐದು ವರ್ಷದ್ದು, ಮೂರು ವರ್ಷಕ್ಕೆ ಮುಂಚೆ ಮುರಿಯೋಕೆ ಬಿಡಲ್ಲ. ಎರಡು ವರ್ಷದ ಯೋಚನೆಗೆ ಬ್ಯಾಂಕಿನದೇ ಸರಿ.

ಸಾಲಗಾರ ಆದ್ರೂ ಸುಖಿ:

ಹಾಸನದೋನೇ ಅಣ್ಣ, ಈಗ ಬೆಂಗಳೂರಲ್ಲಿದೀನಿ. ಎಲ್ರೂ ಬಡ್ಡಿ ಲೆಕ್ಕ ಹೇಳ್ತಾರೆ, ವಯಸ್ಸಿನ ಲೆಕ್ಕ ಯಾರೂ ಹೇಳಲ್ಲ. ಮಗಳು ಪಿಯುಸಿಗೆ ಸೇರಿದ್ರೆ ಟ್ಯೂಷನ್ನು, ಸಿಇಟಿ, ಆಮೇಲೆ ಹಾಸ್ಟೆಲ್ಲು. ಎರಡು ವರ್ಷ ಬಿಟ್ಟು ಅಪ್ಪ ಅಮ್ಮನ ಜೊತೆ ಬರ್ತಾಳೆ ಅನ್ನೋದಕ್ಕೆ ಏನು ಗ್ಯಾರಂಟಿ? ನಾನು ಹೋದ ವರ್ಷ ಕ್ರೆಡಿಟ್ ಕಾರ್ಡ್ ಕಂತಲ್ಲಿ ಬಾಲಿಗೆ ಹೋದೆ, ಇನ್ನೂ ಕಟ್ತಿದೀನಿ, ಬೇಜಾರಿಲ್ಲ. ನಮ್ಮಪ್ಪ ಜೀವನಪೂರ್ತಿ "ಮುಂದಿನ ವರ್ಷ" ಅಂತಾನೇ ಇದ್ರು. ಮಂಡಿ ನೋವು ಶುರುವಾದ ಮೇಲೆ ಜೋಗಕ್ಕೆ ಕರ್ಕೊಂಡು ಹೋದೆ, ಮೆಟ್ಟಿಲು ಇಳಿಯೋಕಾಗದೆ ಮೇಲಿಂದಾನೇ ನೋಡಿದ್ರು.

ಕಾಫಿಪುಡಿ ಅಕ್ಕ:

ರೈಟರ್ ಅಣ್ಣ, ನಾನು ಚಿಕ್ಕಮಗಳೂರಲ್ಲಿ ಕಾಫಿಪುಡಿ ಅಂಗಡೀಲಿ ಬಿಲ್ ಹಾಕ್ತೀನಿ. ನಮ್ಮನೆಯವರು ಹಳದಿ ಬೋರ್ಡ್ ಟ್ಯಾಕ್ಸಿ ಓಡಿಸ್ತಾರೆ, ಟೂರಿಸ್ಟ್‌ಗಳನ್ನ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ, ಬೇಲೂರು, ಹಳೇಬೀಡು ಸುತ್ತಿಸೋದು. ಅಂದ್ರೆ ಮನೇಲಿ ಇಬ್ಬರ ಅನ್ನವೂ ಊರು ನೋಡೋಕೆ ಬರೋರಿಂದ. ಹಂಗಾಗಿ ನಮಗೂ ಒಂದು ಸಲ ಊರು ನೋಡೋ ಹುಚ್ಚು ಹಿಡೀತು. ಉದ್ದ ಬರೀತೀನಿ, ಅಂಗಡೀಲಿ ಇವತ್ತು ವ್ಯಾಪಾರ ಇಲ್ಲ.

2019ರ ಮೇ ತಿಂಗಳಲ್ಲಿ ಅಂಡಮಾನ್‌ಗೆ ಹೋದ್ವಿ. ಸಾಲ 1,20,000, ಮೂರು ವರ್ಷ, ಕಂತು 4,160. ಗಾಡಿ ಚೆನ್ನಾಗಿ ಓಡ್ತಿತ್ತು, ವೀಕೆಂಡ್ ಬಂದ್ರೆ ಪುರುಸೊತ್ತಿರಲಿಲ್ಲ. ನಾಲ್ಕು ಸಾವಿರ ಯಾವ ಮಹಾ ಅಂದ್ರು ಇವರು. ಜೂನ್‌ನಲ್ಲಿ ಮೊದಲ ಕಂತು ಕಟ್ಟಿದ್ವಿ, ಅದೇ ತಿಂಗಳು ಮಗನ ಸ್ಕೂಲ್ ಫೀಸು. ಆಗಸ್ಟ್‌ನಲ್ಲಿ ಬಂತಲ್ಲ ಮಳೆ, ನಿಮ್ಮ ಮೂಡಿಗೆರೆ ಕಡೆ ಗುಡ್ಡ ಕುಸಿದು ಚಾರ್ಮಾಡಿ ಘಾಟಿ ಬಂದಾಯ್ತು, ನಿಮಗೆ ನಾನು ಹೇಳಬೇಕಾ? ದಸರಾವರೆಗೂ ಗಾಡಿ ಮನೆ ಮುಂದೆ ನಿಂತಿತ್ತು. ಹೆಂಗೋ ಸುಧಾರಿಸಿಕೊಳ್ಳೋ ಹೊತ್ತಿಗೆ ಮಾರ್ಚ್‌ನಲ್ಲಿ ಲಾಕ್‌ಡೌನ್. ಆರು ತಿಂಗಳು ಕಂತು ಕಟ್ಟೋದು ಬೇಡ ಅಂತ ರಿಸರ್ವ್ ಬ್ಯಾಂಕ್ ಹೇಳ್ತು, ನಾನು ದೇವರಿಗೆ ತುಪ್ಪದ ದೀಪ ಹಚ್ಚಿದೆ. ಕಂತು ನಿಂತಿತ್ತು, ಬಡ್ಡಿ ನಿಂತಿರಲಿಲ್ಲ. ಆ ಆರು ಕಂತಿನ ಜೊತೆಗೆ ಎರಡೂವರೆ ಕಂತು ಹೆಚ್ಚಿಗೆ ಬಿತ್ತು. ಕೊನೇ ಕಂತು ಕಟ್ಟಿದ್ದು 2023ರ ಫೆಬ್ರವರಿ. ಐದು ದಿನ ನೋಡಿದ ಸಮುದ್ರಕ್ಕೆ ಮೂರು ಮುಕ್ಕಾಲು ವರ್ಷ.

ಅಂಡಮಾನ್ ಚೆನ್ನಾಗಿರಲಿಲ್ವಾ ಅಂದ್ರೆ ಚೆನ್ನಾಗೇ ಇತ್ತು. ನೀಲಿ ಅಂದ್ರೆ ಏನು ಅಂತ ಅಲ್ಲಿ ಗೊತ್ತಾಯ್ತು. ಆದ್ರೆ 2021ರಲ್ಲಿ ಯಾರಾದ್ರೂ ಆ ಫೋಟೋ ತೋರಿಸಿ ಅಂದ್ರೆ ನಮ್ಮನೆಯವರು ಎದ್ದು ಆಚೆ ಹೋಗ್ತಿದ್ರು. ಮಗ ಕೇಳಿದ, ಅಮ್ಮ ಅಲ್ಲಿ ಏನಾದ್ರೂ ಜಗಳ ಆಗಿತ್ತಾ ಅಂತ.

ಈಗ ನಿಮ್ಮ ವಿಷಯಕ್ಕೆ ಬರ್ತೀನಿ. ಕ್ಯಾಷಿಯರ್ ಸಾರ್ ಬಡ್ಡಿ ಹೇಳಿದ್ರು. ನಾನು ತಿಂಗಳು ಹೇಳ್ತೀನಿ. ಮೇನಲ್ಲಿ ಹೋಗಿಬಂದ್ರೆ ಮೊದಲ ಕಂತು ಬೀಳೋದು ಜೂನ್‌ಗೆ. ಜೂನ್ ಅಂದ್ರೆ ಏನು? ಮಗಳಿಗೆ ಕಾಲೇಜು ಅಡ್ಮಿಷನ್, ಮಗನ ಫೀಸು, ಇಬ್ಬರಿಗೂ ಯೂನಿಫಾರ್ಮು, ರೈನ್‌ಕೋಟು, ಛತ್ರಿ, ಬೂಟು. ಮಳೆಗಾಲಕ್ಕೆ ದಿನಸಿ ತುಂಬಿಸಬೇಕು. ಅದರ ಹಿಂದೇನೇ ಆಷಾಢ. ಆಷಾಢದಲ್ಲಿ ಬ್ಲೌಸ್ ಹೊಲಿಸೋರು ಯಾರು, ಅತ್ತಿಗೇನ ಕೇಳಿ ನೋಡಿ. ನೀವು 7,500ಕ್ಕೆ ನಂಬಿರೋ ದುಡ್ಡು ಯಾವ ತಿಂಗಳು ಬರಲ್ವೋ ಆ ತಿಂಗಳಿಂದಾನೇ ಕಂತು ಶುರು. ನಮ್ಮ ಕಡೆ ದುಡ್ಡು ಓಡಾಡೋದು ಕುಯ್ಲಲ್ಲಿ, ಡಿಸೆಂಬರಿಂದ ಏಪ್ರಿಲ್‌ವರೆಗೆ. ಸಾಲ ಕೊಡೋರಿಗೆ ಮಲೆನಾಡಿನ ಮಳೆಗಾಲ ಗೊತ್ತಿಲ್ಲ.

ನಮ್ಮ ಎರಡನೇ ಪ್ರವಾಸ ಕಾಶಿ, 2024ರ ನವೆಂಬರ್ ಕೊನೇಲಿ. ಅತ್ತೆಗೆ ಎಪ್ಪತ್ತಾಗಿತ್ತು, ಹೋಗಲೇಬೇಕಿತ್ತು. ಸಾಲ ಮಾಡಲ್ಲ ಅಂತ ಮೊದಲೇ ಹೇಳಿಬಿಟ್ಟೆ. ಕಂತು ತೀರಿದ ಮೇಲೆ ಅದೇ 4,160 ಎತ್ತಿಡೋಣ ಅಂದ್ಕೊಂಡ್ರೆ, ಉಹೂಂ, ಎರಡು ಸಾವಿರದ ಮೇಲೆ ಏಳಲೇ ಇಲ್ಲ. ಬ್ಯಾಂಕಿನ ಭಯಕ್ಕೆ ಹುಟ್ಟೋ ದುಡ್ಡು ನಮ್ಮ ಆಸೆಗೆ ಹುಟ್ಟಲ್ಲ ನೋಡಿ. ಸರಿ, ಎರಡೇ ಸಾವಿರ ಅಂತ 2023ರ ಏಪ್ರಿಲ್‌ನಲ್ಲಿ 18 ತಿಂಗಳ ಆರ್‌ಡಿ ಮಾಡಿದೆ. ಸಂಬಳ ಬಿದ್ದ ಮಾರನೇ ದಿನ ತಾನಾಗೇ ಕಟ್ ಆಗೋ ಹಂಗೆ. ತಿಂಗಳ ಕೊನೇಲಿ ಉಳಿದಿದ್ದು ಕಟ್ಟೋಣ ಅಂದ್ರೆ ಏನೂ ಉಳಿಯಲ್ಲ, ಅದು ಎಲ್ಲರ ಮನೆ ಕಥೆ.

ಅದರ ಜೊತೆ ಒಂದು ಹಾರ್ಲಿಕ್ಸ್ ಡಬ್ಬ. ಡ್ರೈವರ್‌ಗೆ ದಿನಕ್ಕೆ ಬಾಟಾ ಅಂತ ಕೊಡ್ತಾರೆ, ಬಾಡಿಗೆ ಬೇರೆ, ಬಾಟಾ ಬೇರೆ. ಇವರು ಅದನ್ನ ಟೀ, ಬೀಡಾ, ಸ್ನೇಹಿತರು ಅಂತ ಅಲ್ಲೇ ಮುಗಿಸಿ ಬರ್ತಿದ್ರು. ಭಾನುವಾರದ ಬಾಟಾ ಮಾತ್ರ ಡಬ್ಬಕ್ಕೆ, ಶನಿವಾರದ್ದು ನಿಮ್ಮಿಷ್ಟ ಅಂದೆ. ಪೂರ್ತಿ ಕಿತ್ಕೊಂಡಿದ್ರೆ ಒಂದು ತಿಂಗಳೂ ನಡೀತಿರಲಿಲ್ಲ. ಡಬ್ಬದಲ್ಲಿ ಒಟ್ಟು 22,400 ಆಯ್ತು. ಬೆಂಗಳೂರಿನವರು ನಮ್ಮೂರು ನೋಡೋಕೆ ಬಂದು ನಮ್ಮತ್ತೇನ ಕಾಶಿಗೆ ಕಳಿಸಿದ್ರು.

ಆರ್‌ಡಿ 37,900 ಚಿಲ್ಲರೆ, ಡಬ್ಬ 22,400. ಅರವತ್ತು ಸಾವಿರ ನಮ್ಮ ಗಡಿ.

ಇಲ್ಲಿ ನಾನೊಂದು ತಪ್ಪು ಮಾಡಿದ್ದೆ. ಆರ್‌ಡಿ ಕೈಗೆ ಬರೋದು ಅಕ್ಟೋಬರ್‌ಗೆ, ರೈಲು ಟಿಕೆಟ್ ತೆಗೀಬೇಕಾಗಿದ್ದು ಜುಲೈಗೆ. ಆಗ 120 ದಿನ ಮುಂಚೆ ಬುಕಿಂಗ್ ಇತ್ತು, ಮೊದಲ ದಿನ ಬಿಟ್ರೆ ನಾಲ್ಕು ಸೀಟು ಒಟ್ಟಿಗೆ ಸಿಗಲ್ಲ. ಟಿಕೆಟ್‌ಗೇ 19,600, ಡಬ್ಬದಲ್ಲಿ ಆಗ ಇದ್ದಿದ್ದು ಹದಿನೇಳು. ಅತ್ತೆಗೆ ಹಿರಿಯರ ರಿಯಾಯಿತಿ ಸಿಗುತ್ತೆ ಅಂತ ಲೆಕ್ಕ ಹಾಕಿದ್ದೆ, ಅದು 2020ರಲ್ಲೇ ನಿಂತುಹೋಗಿದೆ ಅಂತ ಗೊತ್ತಿರಲಿಲ್ಲ. ಕೊರತೆಯನ್ನ ಮನೆ ಖರ್ಚಿಂದ ಎತ್ತಿ ಹಾಕಿ ಅಕ್ಟೋಬರ್‌ನಲ್ಲಿ ವಾಪಸ್ ಇಟ್ಟೆ. ಈಗ ಬುಕಿಂಗ್ 60 ದಿನಕ್ಕೆ ಇಳಿದಿದೆ, 2024ರ ನವೆಂಬರಿಂದ. ನೀವು ಆರ್‌ಡಿ ಮಾಡಿಸೋವಾಗ ಹೊರಡೋ ತಾರೀಖಿಗೆ ಮೂರು ತಿಂಗಳು ಮುಂಚೆ ಮುಗಿಯೋ ಹಂಗೆ ಇಟ್ಕೊಳ್ಳಿ.

ಖರ್ಚನ್ನ ಗೋಡೆ ಕ್ಯಾಲೆಂಡರ್ ಹಿಂದೆ ಬರೆದಿಟ್ಟಿದೀನಿ, ಅದನ್ನೇ ನೋಡಿ ಹೇಳ್ತೀನಿ. ರೈಲು 19,600. ಕಾಶೀಲಿ ತಂಗಿದ್ದು ಜಂಗಮವಾಡಿ ಮಠದಲ್ಲಿ, ಪ್ರಯಾಗದಲ್ಲಿ ಒಂದು ರಾತ್ರಿ ಲಾಡ್ಜು, ಎರಡೂ ಸೇರಿ 6,000. ಊಟ ತಿಂಡಿ 9,000. ರೈಲಿಗೆ ಅಂತ ಚಟ್ನಿಪುಡಿ, ಅಕ್ಕಿರೊಟ್ಟಿ, ಒಗ್ಗರಣೆ ಅವಲಕ್ಕಿ, ರವೆ ಉಂಡೆ ಕಟ್ಕೊಂಡಿದ್ವಿ, ಹೋಗೋವಾಗ ಒಂದು ಟೀ ಬಿಟ್ರೆ ಏನೂ ಕೊಂಡಿಲ್ಲ. ಪ್ರಯಾಗ, ಅಯೋಧ್ಯೆ ಟ್ಯಾಕ್ಸಿ, ಆಟೋ, ದೋಣಿ ಎಲ್ಲಾ 9,500. ನಮ್ಮನೆಯವರು ಡ್ರೈವರ್ ಆಗಿದ್ದಕ್ಕೆ ಟ್ಯಾಕ್ಸಿಯವನ ಹತ್ರ ಚೌಕಾಸಿ ಮಾಡೋಕೆ ನಾಚ್ಕೋತಾರೆ, ದೋಣಿಯವನ ಹತ್ರ ನಾನೇ ನಿಂತು ಅರ್ಧಕ್ಕೆ ಇಳಿಸಿದೆ. ಪೂಜೆ, ದಕ್ಷಿಣೆ 4,200. ಸೀರೆ ಅದು ಇದು 7,800, ಇಟ್ಟಿದ್ದಿದ್ದು ನಾಲ್ಕು ಸಾವಿರ, ಅದು ಅತ್ತೆ ಖಾತೆ, ನಾನು ಮಾತಾಡಲ್ಲ. ಚಿಲ್ಲರೆ 2,000. ಒಟ್ಟು 58,100. ಬೆಂಗಳೂರಿನವರೆಗೆ ಕೆಂಪು ಬಸ್ಸು, ಅತ್ತೆಗೂ ನನಗೂ ಶಕ್ತಿ ಯೋಜನೆಯಲ್ಲಿ ಪುಕ್ಕಟೆ, ಗಂಡಸರ ಟಿಕೆಟ್ಟು ಚಿಲ್ಲರೆಯಲ್ಲೇ ಸೇರಿದೆ.

ಕಾಶಿಗೆ ಹೋಗಿಬಂದೋರಿಗೆ ಮುಜರಾಯಿ ಇಲಾಖೆಯಿಂದ ತಲಾ 5,000 ಸಹಾಯಧನ ಅಂತ 2022ರಲ್ಲಿ ಶುರು ಮಾಡಿದ್ರು. ಅದನ್ನ ನಾನು ಲೆಕ್ಕಕ್ಕೇ ತಗೊಳ್ಳಲಿಲ್ಲ. ಹೋಗಿಬಂದ ಮೇಲೆ ಬರೋ ದುಡ್ಡು ಹೋಗೋವಾಗಿನ ದುಡ್ಡಲ್ಲ.

ಆಮೇಲೆ ಇನ್ನೊಂದು, ಇದನ್ನ ಯಾರೂ ಹೇಳಲ್ಲ. ವಾಪಸ್ ಬಂದ ವಾರಕ್ಕೆ ಅಂತ ಬೇರೆ 3,000 ಎತ್ತಿಟ್ಟಿದ್ದೆ. ಬಂದಾಗ ಮನೇಲಿ ಹಾಲಿಲ್ಲ, ತರಕಾರಿ ಇಲ್ಲ, ಸಿಲಿಂಡರ್ ಖಾಲಿ, ಗಾಡಿ ಎಂಟು ದಿನ ನಿಂತಿದೆ, ಅತ್ತೆಗೆ ಕೆಮ್ಮು. ಅಂಡಮಾನ್‌ನಿಂದ ಬಂದ ವಾರ ಪಕ್ಕದ್ಮನೆಯವರ ಹತ್ರ ಐನೂರು ಕೈಗಡ ತಗೊಂಡಿದ್ದೆ, ಆ ಅವಮಾನ ಇನ್ನೂ ನೆನಪಿದೆ.

ಪ್ಯಾಕೇಜ್ ಬಗ್ಗೆ ನಮ್ಮನೆಯವರು ಹೇಳಿ ಅಂತ ಒಂದು ಮಾತು ಹೇಳಿದಾರೆ. ಏನಿದೆ ಅಂತ ಕೇಳಬೇಡಿ, ಏನಿಲ್ಲ ಅಂತ ಕೇಳಿ. ಇಲ್ಲಿಗೆ ಬರೋರೂ ಹಂಗೇ, ಎಲ್ಲಾ ಸೇರಿದೆ ಅಂತ ದುಡ್ಡು ಕಟ್ಟಿ ಬಂದು ಜೀಪು ಬೇರೆ, ಎಂಟ್ರಿ ಬೇರೆ ಅಂದಾಗ ಇವರ ಮೇಲೆ ಕೂಗಾಡ್ತಾರೆ. ಕಾಶ್ಮೀರದಲ್ಲಿ ಗುಲ್ಮಾರ್ಗ್‌ನ ಗೊಂಡೊಲಾ ಅನ್ನೋ ಕೇಬಲ್ ಕಾರಿನ ಟಿಕೆಟ್ಟು, ಪಹಲ್‌ಗಾಮ್‌ನಲ್ಲಿ ಅಲ್ಲಿನ ಯೂನಿಯನ್ ಟ್ಯಾಕ್ಸಿ, ಕುದುರೆ, ಬೂಟು ಕೋಟಿನ ಬಾಡಿಗೆ, ಇವೆಲ್ಲ ಸಾಮಾನ್ಯವಾಗಿ ಹೊರಗೇ. ಮೇನಲ್ಲಿ ಶ್ರೀನಗರದಲ್ಲಿ ಹಿಮ ಇರಲ್ಲ ಅಣ್ಣ. ಗೊಂಡೊಲಾದಲ್ಲಿ ಎರಡನೇ ಹಂತ ಹತ್ತಿ ಅಫರ್‌ವಾಟ್‌ವರೆಗೆ ಹೋದ್ರೆ ಸಿಗುತ್ತೆ. ಅಂದ್ರೆ ನಿಮ್ಮ ಮಗಳು ಕೈಯಲ್ಲಿ ಹಿಡೀಬೇಕು ಅಂತಿರೋದೇ 1,48,000ದಲ್ಲಿ ಇಲ್ಲ. ಕೇಳಿ ನೋಡಿ.

ಸುಖಿ ತಮ್ಮ, ನಿನ್ನ ಮಾತು ತಳ್ಳಿಹಾಕಲ್ಲ. ಅತ್ತೆ ವಿಷಯದಲ್ಲಿ ನನಗೂ ಅದೇ ಭಯ ಇತ್ತು, ಹದಿನೆಂಟು ತಿಂಗಳಲ್ಲಿ ಏನಾದ್ರೂ ಆಗಿದ್ರೆ ಅಂತ. ಆದ್ರೆ ನಿನಗೆ ಹೆಂಡತಿ ಮಕ್ಕಳಿಲ್ಲ ಅನ್ಸುತ್ತೆ, ಕಾರ್ಡಿನ ಬಾಕಿ ನಿನ್ನೊಬ್ಬನದೇ. ಒಂದು ತಿಂಗಳು ಕಟ್ಟೋದು ತಪ್ಪಿದ್ರೆ ಎಷ್ಟು ಬಡ್ಡಿ ಅಂತ ಕಾರ್ಡಿನ ಕಾಗದದಲ್ಲಿ ನೋಡಿದೀಯಾ?

ಸಾಲಗಾರ ಆದ್ರೂ ಸುಖಿ:

ತಿಂಗಳಿಗೆ 3.6 ಪರ್ಸೆಂಟ್ ಅಂತಿದೆ ಅಕ್ಕ. ವರ್ಷಕ್ಕೆ ಗುಣಿಸಬೇಡಿ, ಪ್ಲೀಸ್.

ಹಳೇ ಕ್ಯಾಷಿಯರ್, ಹಾಸನ:

43.2.

ಮೂಡಿಗೆರೆ ರೈಟರ್:

ಎಲ್ರಿಗೂ ಥ್ಯಾಂಕ್ಸ್. ಎರಡು ದಿನ ನೆಟ್‌ವರ್ಕ್ ಇರಲಿಲ್ಲ, ರೊಬಸ್ಟಾ ಕುಯ್ಲೂ ಜೋರಾಗಿತ್ತು, ತಡ ಆಯ್ತು.

ಅಕ್ಕ, ನಿಮ್ಮದನ್ನ ಹೆಂಡತಿಗೆ ಓದಿ ಹೇಳಿದೆ. ಆಷಾಢದ ಮಾತು ಬಂದಾಗ ಮಷೀನ್ ತುಳಿಯೋದು ನಿಲ್ಲಿಸಿ, ಎದ್ದು ಹೋಗಿ ಹೋದ ವರ್ಷದ ಅಳತೆ ಪುಸ್ತಕ ತಂದ್ಲು. ನಾನು ನೋಡೇ ಇರಲಿಲ್ಲ ಆ ಪುಸ್ತಕಾನ. ಹೋದ ಆಷಾಢದ ತಿಂಗಳು ಪೂರ್ತಿ ನಾಲ್ಕೇ ಬ್ಲೌಸು, ಅದರಲ್ಲಿ ಒಂದು ಅವಳದ್ದೇ. ಹದಿನಾಲ್ಕು ವರ್ಷ ಲೆಕ್ಕ ಬರೆದೋನಿಗೆ ಮನೇಲಿ ನನಗಿಂತ ಚೆನ್ನಾಗಿ ಬರೆಯೋರು ಇದಾರೆ ಅಂತ ಗೊತ್ತಿರಲಿಲ್ಲ.

ಟ್ರಾವೆಲ್ಸ್‌ಗೆ ಫೋನ್ ಮಾಡಿ ಏನಿಲ್ಲ ಅಂತ ಕೇಳಿದೆ. ಗೊಂಡೊಲಾ ಇಲ್ಲ, ಕುದುರೆ ಇಲ್ಲ, ಮಧ್ಯಾಹ್ನದ ಊಟ ಇಲ್ಲ. ಆ ಎಪಿಆರ್ ಹಾಳೆ ಕಳಿಸಿ ಅಂದೆ. ಕಳಿಸ್ತೀವಿ ಅಂದ್ರು, ಇನ್ನೂ ಬಂದಿಲ್ಲ.

ಈಗ ಹೀಗೆ ಅಂದ್ಕೊಂಡಿದೀವಿ. ಈ ಮೇ ಬೇಡ. ಮಗಳ ಸೆಕೆಂಡ್ ಪಿಯುಸಿ ಪರೀಕ್ಷೆ ಮುಗಿಯೋದು ಮಾರ್ಚ್‌ನಲ್ಲಿ, ಆಗ ಗುಲ್ಮಾರ್ಗ್‌ನಲ್ಲಿ ಹಿಮ ಇನ್ನೂ ಇರುತ್ತಂತೆ. ಅಲ್ಲಿಗೆ ಎರಡು ವರ್ಷ ಚಿಲ್ಲರೆ ಇದೆ. ಆಗಸ್ಟ್‌ನಲ್ಲಿ ಬೈಕ್ ಕಂತು ಮುಗಿದ ಮೇಲೆ ಸೆಪ್ಟೆಂಬರಿಂದ ಅದೇ 2,900ಕ್ಕೆ ನೂರು ಸೇರಿಸಿ 3,000 ಆರ್‌ಡಿ, ಡಿಸೆಂಬರ್‌ಗೆ ಮುಗಿಯೋ ಹಂಗೆ 15 ತಿಂಗಳು. ಅದು 45,000 ಮತ್ತು ಬಡ್ಡಿ. ಈ ವರ್ಷದ ಬೋನಸ್‌ನಲ್ಲಿ ಹದಿನೈದು ಸಾವಿರ, ಮುಂದಿನ ವರ್ಷದ್ದರಲ್ಲಿ ಹದಿನೈದು, ಬಂದ ದಿನವೇ ಎಫ್‌ಡಿಗೆ. ಹೆಂಡತಿ ಮದುವೆ ಸೀಸನ್‌ನ ದುಡ್ಡಲ್ಲಿ ವರ್ಷಕ್ಕೆ ಎಂಟು ಸಾವಿರ ಕೊಡ್ತೀನಿ ಅಂದ್ಲು, ಆಷಾಢ ಶ್ರಾವಣದಲ್ಲಿ ಕೇಳೋ ಹಾಗಿಲ್ಲ ಅಂತ ಷರತ್ತು. ಎಲ್ಲಾ ಕೂಡಿದ್ರೆ ತೊಂಬತ್ತು ಸಾವಿರದ ಹತ್ರ ಬರುತ್ತೆ. ಪ್ಯಾಕೇಜ್ ಆಗಲ್ಲ. ಕಟ್ರಾದಿಂದ ಶ್ರೀನಗರಕ್ಕೆ 2025ರ ಜೂನಿಂದ ವಂದೇ ಭಾರತ್ ಓಡ್ತಿದೆ, ದೆಹಲಿ ಮೇಲೆ ರೈಲಲ್ಲೇ ಹೋಗಿ, ಅಲ್ಲಿ ರೂಮು ಗಾಡಿ ನಾವೇ ಮಾಡ್ಕೊಂಡ್ರೆ ಆ ದುಡ್ಡಲ್ಲಿ ಆಗುತ್ತಾ ಅಂತ ನೋಡ್ತಿದೀನಿ. ಆಗದಿದ್ರೆ ಇನ್ನೊಂದು ಬೋನಸ್‌ವರೆಗೆ ಕಾಯೋದು.

ಸುಖಿ, ನಿಮ್ಮಪ್ಪ ಮೇಲಿಂದಾನೇ ಜೋಗ ನೋಡಿದ ಮಾತು ನಾಟ್ತು. ಹಂಗಾಗಿ ಈ ವರ್ಷ ಸುಮ್ಮನೆ ಕೂರಲ್ಲ. ಮಗಳಿಗೆ ನೇರವಾಗಿ ಹೇಳಿದೆ, ಹಿಮಕ್ಕೆ ಎರಡು ವರ್ಷ ಬೇಕು, ಪರೀಕ್ಷೆ ಮುಗಿದ ಮೇಲೆ ಐದಾರು ಸಾವಿರದೊಳಗೆ ಎಲ್ಲಿಗೆ ಹೋಗೋಣ ಹೇಳು ಅಂತ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಹಗಲು ರೈಲಲ್ಲಿ ಅಂದ್ಲು. ಆ ಘಾಟಿಯಲ್ಲಿ 57 ಸುರಂಗ ಇದೆಯಂತೆ, ಎಲ್ಲೆಲ್ಲಿಂದಲೋ ಜನ ಬಂದು ನೋಡ್ತಾರೆ, ನಾವು ಮನೆಯಿಂದ ಒಂದು ಗಂಟೆ ದೂರದಲ್ಲಿದ್ದೂ ಹತ್ತಿಲ್ಲ. ಹಾಗೇ ಮಂಗಳೂರಿಗೆ ಹೋಗಿ, ಪಣಂಬೂರಲ್ಲಿ ಸಮುದ್ರ ನೋಡಿ, ಒಂದು ರಾತ್ರಿ ಇದ್ದು, ಚಾರ್ಮಾಡಿ ಮೇಲೆ ಬಸ್ಸಲ್ಲಿ ವಾಪಸ್. ಬಸ್ಸಿಗೆ ಟಿಕೆಟ್ ನನಗೂ ಮಗನಿಗೂ ಮಾತ್ರ. ಮಗ ಸುರಂಗ ಎಣಿಸೋಕೆ ಈಗಲೇ ನೋಟ್‌ಬುಕ್ ತೆಗೆದಿಟ್ಟಿದಾನೆ, ಇವನೂ ರೈಟರೇ ಆಗ್ತಾನೇನೋ ಅಂತ ಹೆಂಡತಿಗೆ ಚಿಂತೆ.

ಒಂದೇ ಒಂದು ಉಳೀತು. ಆರ್‌ಡಿ ನನ್ನ ಹೆಸರಲ್ಲಿ ಮಾಡಿಸ್ಲಾ, ಅವಳ ಹೆಸರಲ್ಲಾ?

ಕಾಫಿಪುಡಿ ಅಕ್ಕ:

ಹೋದ ವರ್ಷದ ಬೋನಸ್ ಎಲ್ಲಿ ಹೋಯ್ತು ಅಂತ ಗೊತ್ತಿಲ್ಲ ಅಂದೋರು ನೀವೇ ತಾನೆ? ಅಳತೆ ಪುಸ್ತಕ ಇಟ್ಟಿರೋರ ಹೆಸರಲ್ಲಿ ಮಾಡಿಸಿ.